ಹುಡುಕಿದ್ದಕ್ಕೆ ಕೂಲಿ

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಕಾರಿನಿಂದ ಬಿಚ್ಚಿ ಬದಲಿಸಿದ ಹಳೆಯ ಭಾಗವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕಾರಿನ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು ಗಿರಾಕಿಯ ಕೈಗೆ ಕೊಡುತ್ತೇವೆ. ಹೆಚ್ಚಿನವರು ಅದನ್ನು ಬಿಚ್ಚಿಯೂ ನೋಡುವುದಿಲ್ಲ. ಕೆಲವರು ಗೇಟು ದಾಟಿದ ಕೂಡಲೇ ಕಸದ ಡಬ್ಬಿಗೆ ಹಾಕಿ ಹೋಗುತ್ತಾರೆ. ಸಂಜೆ ನಾನು ಬಸ್ ಸ್ಟಾಪಿಗೆ ಹೊರಟಾಗ ನನ್ನದೇ ಕೈಬರಹದ ಅಂಕಿಗಳು ಆ ಡಬ್ಬಿಯಿಂದ ಇಣುಕುತ್ತಿರುತ್ತವೆ. ಆದರೂ ಕೊಡುವುದನ್ನು ಬಿಟ್ಟಿಲ್ಲ. ತೆಗೆದದ್ದನ್ನು ತೋರಿಸದೆ ಹಾಕಿದ್ದಕ್ಕೆ ಹಣ ಕೇಳಬಾರದು ಎಂಬುದು ನನ್ನ ನಂಬಿಕೆ.

ಹನ್ನೊಂದು ವರ್ಷಗಳಲ್ಲಿ ಅಂಥ ಪೊಟ್ಟಣ ಒಂದೇ ಒಂದು ಸಲ ವಾಪಸು ಬಂದಿದೆ. ಅದು ಹೋದ ವರ್ಷದ ಮಾತು.

ಮೊದಲು ನನ್ನ ವಿಷಯ ಎರಡು ಮಾತು. ಹದಿನೆಂಟು ತುಂಬಿದ ವರ್ಷವೇ ನಾನು ಸೈನ್ಯ ಸೇರಿದೆ. ಇಪ್ಪತ್ತಾರು ವರ್ಷ ಅಲ್ಲಿನ ವಾಹನ ವರ್ಕ್‌ಶಾಪುಗಳಲ್ಲಿ ಕಳೆದೆ. ಅಲ್ಲಿ ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಸಂಜೆ ಹಲಗೆಯ ಮೇಲೆ ಬಿಳಿಯ ಆಕಾರವೊಂದು ಖಾಲಿ ಕಂಡರೆ ಯಾವುದು ಕಾಣೆಯಾಗಿದೆ ಎಂದು ಯಾರೂ ಕೇಳಬೇಕಾಗಿಲ್ಲ. ಅದು ಸಿಗುವವರೆಗೆ ಯಾರೂ ಊಟಕ್ಕೆ ಹೋಗುವುದಿಲ್ಲ. ಆ ಶಿಸ್ತು ಮೈಗೆ ಹತ್ತಿದೆ. ಸೈನ್ಯ ಬಿಟ್ಟ ಮೇಲೆ ಅರವತ್ತರವರೆಗೆ ಒಂದು ಕಂಪನಿಯ ವಾಹನಗಳನ್ನು ನೋಡಿಕೊಂಡೆ, ಆಮೇಲೆ ಈ ಗ್ಯಾರೇಜು. ಈಗಲೂ ಡೊಂಬಿವಲಿಯಿಂದ ಬೆಳಿಗ್ಗೆ ಅದೇ ಸ್ಲೋ ಲೋಕಲ್ ರೈಲು, ಅದೇ ಡಬ್ಬಿ, ಅದೇ ಬಾಗಿಲು. ಠಾಣೆ ಸ್ಟೇಷನ್ನಿನಿಂದ ಬಸ್ಸು. ಎಂಟೂವರೆಗೆ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ನಮ್ಮ ಷಟರಿನ ಬೀಗ ತೆಗೆಯುವವನು ನಾನೇ. ಎಪ್ಪತ್ತೊಂದು ಆಯಿತು, ಇನ್ನು ಮನೆಯಲ್ಲಿ ಕೂರಿ ಎಂದು ಹೆಂಡತಿ ಹೇಳುತ್ತಾಳೆ. ಕೂತರೆ ಮನೆಯ ಅಡುಗೆ ಡಬ್ಬಿಗಳಿಗೂ ನಾನು ಬಿಳಿ ಗೆರೆ ಬರೆಯುತ್ತೇನೆಂದು ಅವಳಿಗೂ ಗೊತ್ತು, ಆದ್ದರಿಂದ ಒತ್ತಾಯ ಮಾಡುವುದಿಲ್ಲ.

ಗ್ಯಾರೇಜಿನ ಜಾಗ ನನ್ನ ಪಾಲುದಾರರದು. ಅವರು ಉಡುಪಿ ಕಡೆಯವರು. ಠಾಣೆಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ, ಅದನ್ನು ಮಗನಿಗೆ ಒಪ್ಪಿಸಿ, ಸುಮ್ಮನೆ ಇರಲಾಗದೆ ತಮ್ಮ ಹಳೆಯ ಗೋಡೌನನ್ನು ನನಗೆ ತೋರಿಸಿ, "ಇದರಲ್ಲಿ ಎಂತಾದ್ರೂ ಮಾಡುವ ಮಾರಾಯ್ರೆ" ಎಂದಿದ್ದರು. ಕೆಲಸ ಮಾಡುವವರಲ್ಲಿ ಮುಖ್ಯರು ಮೇಸ್ತ್ರಿ. ಗದಗದ ಕಡೆಯವರು, ಐವತ್ತರ ಹತ್ತಿರದವರು, ಕಲ್ಯಾಣದಲ್ಲಿ ಮನೆ. ಆರಂಭದ ದಿನದಿಂದಲೂ ಅವರು ನಮ್ಮೊಂದಿಗೆ ಇದ್ದಾರೆ. ನನಗೆ ಕಿವಿ ಮಂದವಾಗಿದೆ. ಎಂಜಿನ್ನಿನ ಸಣ್ಣ ಸದ್ದುಗಳು ಕೇಳಿಸುವುದಿಲ್ಲ. ಮೇಸ್ತ್ರಿ ಕೇಳಿಸಿಕೊಂಡು ನನಗೆ ಹೇಳುತ್ತಾರೆ. ಅವರಿಲ್ಲದಿದ್ದರೆ ಆ ಷಟರು ತೆರೆದೂ ಪ್ರಯೋಜನವಿಲ್ಲ.

ಗೋಡೆಯ ಮೇಲೆ ನಾನು ಬರೆದು ಅಂಟಿಸಿದ ನಿಯಮಗಳ ಹಾಳೆಯೊಂದಿದೆ. ಮೊದಲನೆಯದು: ಕೆಡದೆ ಇರುವ ಭಾಗವನ್ನು ಬದಲಿಸಿದವರಿಗೆ ಮರುದಿನದಿಂದ ಇಲ್ಲಿ ಕೆಲಸವಿಲ್ಲ. ಈ ನಿಯಮದ ಪ್ರಕಾರ ಒಬ್ಬನನ್ನು ಕಳಿಸಿದ್ದೂ ಆಗಿದೆ. ಚೆನ್ನಾಗಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದ್ದ. ಅವನು ಅತ್ತ, ನಾನು ಕಳಿಸಿದೆ.

ಆಮೇಲೆ ನಾನೇ ಯೋಚಿಸಿದೆ. ಅವನು ಯಾಕೆ ಹಾಗೆ ಮಾಡಿದ? ಅರ್ಧ ದಿನ ಕಾರಿನ ಕೆಳಗೆ ಮಲಗಿ ಹುಡುಕಿದ್ದ. ಏನೂ ಸಿಕ್ಕಿರಲಿಲ್ಲ. ಹುಡುಕಿದ್ದಕ್ಕೆ ನಮ್ಮಲ್ಲಿ ದರವಿರಲಿಲ್ಲ. ಹಾಕಿದ್ದಕ್ಕೆ ಮಾತ್ರ ಇತ್ತು. ಅರ್ಧ ದಿನದ ಶ್ರಮ ಎಲ್ಲಾದರೂ ಕಾಣಿಸಬೇಕೆಂದು ಪ್ಲಗ್ಗು ಬದಲಿಸಿದ. ನೋಡುವುದು ಉಚಿತವಾದರೆ, ನೋಡುವವನು ಏನನ್ನಾದರೂ ಮಾರಲೇಬೇಕಾಗುತ್ತದೆ. ಇದು ಹೊಳೆದ ವಾರವೇ ಬೋರ್ಡು ಬರೆಸಿದೆ. ಕನ್ನಡ, ಮರಾಠಿ, ಹಿಂದಿ, ಮೂರರಲ್ಲೂ: ದೋಷ ಹುಡುಕುವುದಕ್ಕೆ ಗಂಟೆಗೆ ಆರುನೂರು ರೂಪಾಯಿ. ಮೊದಲೇ ಒಪ್ಪಿಗೆ ಪಡೆಯಲಾಗುವುದು.

ಪಾಲುದಾರರು ಬೋರ್ಡನ್ನು ಎರಡು ಸಲ ಓದಿದರು.

"ಹೋಟೆಲಲ್ಲಿ ಮೆನು ನೋಡಿದ್ದಕ್ಕೆ ಬಿಲ್ ಕೊಟ್ರೆ ಗಿರಾಕಿ ಉಳೀತಾನಾ?"

"ಮೆನು ಅವರು ನೋಡ್ತಾರೆ. ಇಲ್ಲಿ ನೋಡೋದು ನಾವು," ಎಂದೆ.

"ನಿಮ್ಮ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ. ಮಿಲಿಟರಿ."

ಗಿರಾಕಿಗಳೂ ಅಷ್ಟೇ. ಸ್ಕ್ಯಾನರು ಚುಚ್ಚಿದರೆ ಯಂತ್ರವೇ ಎಲ್ಲ ಹೇಳುತ್ತದೆ ಎಂದು ಅವರ ತಿಳಿವಳಿಕೆ. ಸ್ಕ್ಯಾನರು ಹೇಳುವುದು ದೋಷವಿರುವ ಊರಿನ ಹೆಸರನ್ನು ಮಾತ್ರ. ಓಣಿ, ಮನೆ, ಬಾಗಿಲು ಎಲ್ಲವನ್ನೂ ಮನುಷ್ಯನೇ ಹುಡುಕಬೇಕು. ಒಬ್ಬ ರಿಕ್ಷಾ ಮಾಲೀಕನಂತೂ ಗೇಟಿನಲ್ಲೇ ನಿಂತು, "ಚೆಕಿಂಗ್ ತೋ ಫುಕಟ್ ಮೇ ಹೋತಾ ಹೈ, ಕಾಕಾ" ಎಂದು ನಗುತ್ತ ಹೋದ. ನೋಡುವುದು ಬಿಟ್ಟಿ, ಎಲ್ಲ ಕಡೆಯೂ ಬಿಟ್ಟಿ.

ಬೋರ್ಡು ಹಾಕಿದ ಮೇಲೆ ಕೆಲಸದ ಕಾರ್ಡನ್ನೂ ಮಾಡಿಸಿದೆ. ಪ್ರತಿ ಕಾರಿಗೆ ಒಂದು ಕಾರ್ಡು. ಯಾವ ಗಂಟೆಗೆ ಏನು ಪರೀಕ್ಷಿಸಿದರು, ಅಳತೆ ಎಷ್ಟು ಬಂತು, ಸಾಲು ಸಾಲಾಗಿ ಬರೆಯಬೇಕು. ಸಂಜೆ ಅದಕ್ಕೆ ನನ್ನ ಸಹಿ. ಗಿರಾಕಿಯ ಹತ್ತಿರ ದರ ಹೇಳಿ ಒಪ್ಪಿಗೆ ಪಡೆಯುವ, ಬಿಲ್ಲು ಬರೆಯುವ ಕೆಲಸ ಮೇಸ್ತ್ರಿಯದು. ಕಾರು ನೋಡುವವರು ಅವರೇ ಆದ್ದರಿಂದ ಅದು ಸರಿಯೆಂದು ನನಗೆ ಅನಿಸಿತ್ತು. ಗಲ್ಲಾ ಪಾಲುದಾರರದು. ನಾನು ಕೂರುವ ಜಾಗ ಗಾಜಿನ ಕ್ಯಾಬಿನ್ನಿನ ಒಳಗೆ, ಬಿಲ್ಲುಗಳು ನನ್ನ ಮುಂದೆ ಬರುತ್ತಿರಲಿಲ್ಲ.

ಜೂನ್ ತಿಂಗಳಿನಲ್ಲಿ ಒಬ್ಬ ಹೆಂಗಸು ಬಂದರು. ಮೈಸೂರಿನವರು, ನಲವತ್ತರ ಒಳಗಿನವರು, ವಾಗ್ಳೆ ಎಸ್ಟೇಟಿನಲ್ಲೇ ಒಂದು ಹಣಕಾಸು ಕಂಪನಿಯಲ್ಲಿ ಕೆಲಸ. ಮನೆ ಸೀವುಡ್ಸ್‌ನಲ್ಲಿ. ಬೆಳಿಗ್ಗೆ ಕಾರನ್ನು ನಮ್ಮಲ್ಲಿ ಬಿಟ್ಟು ನಡೆದೇ ಆಫೀಸಿಗೆ ಹೋಗಬಹುದು, ಜೊತೆಗೆ ನಾವು ಕನ್ನಡದವರು, ಅದಕ್ಕೇ ಬಂದದ್ದು.

"ಸರ್, ಇದು ಭಾನುವಾರ ಮಾತ್ರ ನಿಂತುಹೋಗುತ್ತೆ," ಎಂದರು.

ಮೇಸ್ತ್ರಿ ನಕ್ಕರು. "ಸೂಟಿ ತಗೋತೈತೇನ್ರಿ?"

"ನಗಬೇಡಿ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸ್ ತಗೋತೀನಿ. ಪಕ್ಕದ ನೆರೂಳಿಂದ ಮೂರು ಮಕ್ಕಳನ್ನ ನಾನೇ ಕರ್ಕೊಂಡು ಬರ್ತೀನಿ. ಎರಡು ಭಾನುವಾರ ನಡುರಸ್ತೆಲಿ ನಿಂತಿದೆ. ಹಿಂದೆ ಲಾರಿ. ಮಕ್ಕಳು 'ಆಂಟಿ, ಗಾಡಿ ಫಿರ್ ಸೇ ಮರ್ ಗಯೀ', ಗಾಡಿ ಮತ್ತೆ ಸತ್ತೋಯ್ತು ಅಂತ ಕುಣೀತವೆ. ಅವರ ಅಮ್ಮಂದಿರಿಗೆ ಗೊತ್ತಾದ್ರೆ ನಾಳೆಯಿಂದ ಕಳಿಸಲ್ಲ. ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಬಂದ್ರೆ ಏನೂ ಆಗಲ್ಲ."

ಕೆಲಸ ಶುರುವಾಯಿತು. ನಾನು ಕ್ಯಾಬಿನ್ನಿನಿಂದ ನೋಡುತ್ತಿದ್ದೆ. ಮೇಸ್ತ್ರಿ ಆಕೆಯೊಂದಿಗೆ ಬಾನೆಟ್ಟಿನ ಹತ್ತಿರ ನಿಂತು ಏನೋ ಹೇಳಿದರು, ಆಕೆ ತಲೆಯಾಡಿಸಿ ಹೋದರು. ದರಕ್ಕೆ ಒಪ್ಪಿದ್ದಾರೆ ಎಂದುಕೊಂಡೆ.

ಎರಡು ದಿನ ಕಾರು ನಮ್ಮಲ್ಲಿತ್ತು. ಮೂರನೆಯ ದಿನ ಮಧ್ಯಾಹ್ನ ಸಿದ್ಧವಾಯಿತು. ಕಾರ್ಡಿನ ಕೊನೆಯ ಸಾಲು: ಪೆಟ್ರೋಲ್ ಪಂಪು ಬದಲಿಸಿದೆ. ಸಹಿ ಹಾಕಿದೆ. ಆಕೆ ಪಂಪಿನ ಬೆಲೆ ಕೊಟ್ಟು, ಪೊಟ್ಟಣ ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ಕಾರು ನಿಲ್ಲಲಿಲ್ಲ. ಅದರ ಮುಂದಿನ ಭಾನುವಾರವೂ.

ಮೂರನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಆಕೆ ನೇರ ನನ್ನ ಕ್ಯಾಬಿನ್ನಿಗೆ ಬಂದು ಆ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು. ದಾರ ಬಿಚ್ಚಿತ್ತು, ಪತ್ರಿಕೆ ಅದೇ, ಅಂಕಿಗಳೂ ನನ್ನವೇ.

"ಸರ್, ಜಗಳ ಆಡೋಕೆ ಬಂದಿಲ್ಲ. ನನ್ನ ಮೈದುನ ಎಂಜಿನಿಯರ್. ಊರಿಂದ ಬಂದಿದ್ದ. ಸುಮ್ಮನೆ ಕುತೂಹಲಕ್ಕೆ ಈ ಪಂಪನ್ನ ಬ್ಯಾಟರಿಗೆ ಕೊಟ್ಟು, ಗೇಜ್ ಹಾಕಿ ನೋಡಿದ. ಚೆನ್ನಾಗೇ ಇದೆ. ಪ್ರೆಶರ್ ಪೂರ್ತಿ ಬರುತ್ತೆ."

ನಾನು ಪತ್ರಿಕೆ ಬಿಡಿಸಿ ಪಂಪನ್ನು ಕೈಗೆತ್ತಿಕೊಂಡೆ.

"ನೀವು ಹಳೇದನ್ನ ಕೊಟ್ಟಿದ್ದಕ್ಕೇ ಇದು ಗೊತ್ತಾಯ್ತು. ಅದೇ ನನಗೆ ಅರ್ಥ ಆಗ್ತಿಲ್ಲ. ಝೋಲ್, ಮೋಸ ಮಾಡೋರು ಸಾಕ್ಷೀನ ಕೈಗೆ ಕೊಟ್ಟು ಕಳಿಸ್ತಾರಾ?"

"ಶನಿವಾರ ನಿಮಗೆ ರಜೆಯಾ?" ಎಂದು ಕೇಳಿದೆ.

"ಹೌದು."

"ಹನ್ನೊಂದಕ್ಕೆ ಕಾರು ತನ್ನಿ. ಉತ್ತರ ಕೊಡ್ತೀನಿ. ಅಲ್ಲಿವರೆಗೆ ಪಂಪು ಇಲ್ಲೇ ಇರಲಿ."

ಆಕೆ ಹೋದ ಮೇಲೆ ಪಂಪನ್ನು ನಾನೇ ಪರೀಕ್ಷಿಸಿದೆ. ಅದರಲ್ಲಿ ದೋಷವಿರಲಿಲ್ಲ. ಗೋಡೆಯ ಹಾಳೆಯ ಮೊದಲ ಸಾಲಿನ ಪ್ರಕಾರ ಮೇಸ್ತ್ರಿ ಗುರುವಾರ ಕೆಲಸಕ್ಕೆ ಬರಬಾರದು.

ಕಳಿಸುವ ಮೊದಲು ದಾಖಲೆ ನೋಡುವುದು ಕ್ರಮ. ಕಡತದಿಂದ ಆ ಕಾರಿನ ಕಾರ್ಡು ತೆಗೆದೆ. ಮೇಸ್ತ್ರಿಯ ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಮೊದಲ ದಿನ ಹತ್ತೂಕಾಲು: ಪಂಪಿನ ಒತ್ತಡ ಮೂರೂವರೆ, ಸರಿ ಇದೆ. ಎರಡೂವರೆ: ಒತ್ತಡ ಮೂರೂವರೆ, ಸರಿ. ಎರಡನೆಯ ದಿನ, ರಸ್ತೆಯಲ್ಲಿ ಓಡಿಸಿ ಬಂದ ಮೇಲೆ: ಮೂರೂವರೆ, ಸರಿ. ಮೂರು ಸಲ ಪಂಪು ಸರಿ ಇದೆ ಎಂದು ಬರೆದು, ಕಾರು ನಿಲ್ಲಲು ಕಾರಣ ಎಲ್ಲೂ ಬರೆಯದೆ, ಕೊನೆಯ ಸಾಲಿನಲ್ಲಿ ಪಂಪು ಬದಲಿಸಿದೆ ಎಂದು ಬರೆದಿದ್ದರು. ಅದರ ಕೆಳಗೆ ನನ್ನ ಸಹಿ, ತಾರೀಖು, ಸಮಯ.

ಆ ಸಹಿಯನ್ನು ಬಹಳ ಹೊತ್ತು ನೋಡಿದೆ. ಪ್ರತಿ ಸಂಜೆ ನಾನು ಕಾರ್ಡುಗಳಲ್ಲಿ ನೋಡುತ್ತಿದ್ದದ್ದು ಏನು? ಎಲ್ಲ ಸಾಲು ತುಂಬಿದೆಯೇ, ಸಮಯ ಬರೆದಿದೆಯೇ, ಎಣ್ಣೆಯ ಕಲೆ ಇದೆಯೇ. ಬರೆದಿದ್ದನ್ನು ಓದಿರಲಿಲ್ಲ. ಸ್ಪ್ಯಾನರಿನ ಹಲಗೆ ನೋಡಿದ ಹಾಗೆ ನೋಡಿದ್ದೆ. ಖಾಲಿ ಜಾಗ ಇಲ್ಲ, ಸಹಿ.

ಮೇಸ್ತ್ರಿಯನ್ನು ಕರೆದೆ. ಪಂಪನ್ನೂ ಕಾರ್ಡನ್ನೂ ಮೇಜಿನ ಮೇಲೆ ಇಟ್ಟಿದ್ದೆ. ಅವರು ನೋಡಿದ ಕೂಡಲೇ ಕೈ ಒರೆಸುವ ಬಟ್ಟೆಯನ್ನು ಹೆಗಲಿನಿಂದ ತೆಗೆದು ಮಡಿಚಿದರು.

"ಪಂಪು ಕೆಟ್ಟಿತ್ತಾ?"

"ಇಲ್ರಿ ಸಾಹೇಬ್ರ."

"ಮತ್ತೆ ಕಾರು ಯಾಕೆ ನಿಲ್ತಿತ್ತು?"

"ತಂತಿರಿ. ಹಿಂದಿನ ಸೀಟಿನ ಬುಡಕ ಪಂಪಿಗೆ ಹೋಗೂ ತಂತಿ. ಮ್ಯಾಗಿನ ಪ್ಲಾಸ್ಟಿಕ್ ಸರಿ ಐತಿ, ಒಳಗ ಎಳಿ ಹರದಾವು. ಸೀಟಿನ ಎಡಗಡೆ ಯಾರರ ಕುಂತ್ರ ಕಬ್ಬಿಣದ ಪಟ್ಟಿ ಕೆಳಗ ಬಾಗಿ ತಂತೀನ ಜಗ್ಗತೈತಿ. ಕರೆಂಟು ಹೋಕ್ಕೈತಿ. ಎದ್ರ ಮತ್ತ ಕೂಡತೈತಿ."

"ಅದು ಹೇಗೆ ಗೊತ್ತಾಯ್ತು?"

ಅವರ ದನಿ ಬದಲಾಯಿತು. ಕೆಲಸದ ವಿಷಯ ಬಂದರೆ ಅವರಿಗೆ ಎಲ್ಲ ಮರೆಯುತ್ತದೆ. "ಎರಡು ದಿನ ಎಲ್ಲಾ ನೋಡೀನ್ರಿ. ಒಬ್ಬನ ಓಡಿಸಿದ್ರ ನಿಲ್ಲವಲ್ದು. ಮೂರನೇ ದಿನ ಮುಂಜಾನೆ ರೈಲಿನ್ಯಾಗ ನಿಂತಾಗ ಹೊಳೀತು. ಭಾನುವಾರ ಏನ್ ಬ್ಯಾರೆ ಐತಿ? ಮಕ್ಕಳು. ಮೂರು ಹಳೇ ಬ್ಯಾಟರಿ ತಂದು, ಒಂದೊಂದ ಹಿಂದಿನ ಸೀಟಿನ ಮ್ಯಾಲ ಇಟ್ಟೆ. ಬಲಕ್ಕ ಇಟ್ಟೆ, ಏನಿಲ್ಲ. ನಡುವ ಇಟ್ಟೆ, ಏನಿಲ್ಲ. ಎಡಕ್ಕ ಇಟ್ಟೆ ನೋಡ್ರಿ, ದೀಪ ಆರಿಸಿದಂಗ ಎಂಜಿನ್ ಆರಿತು."

ಇಪ್ಪತ್ತಾರು ವರ್ಷ ನಾನು ವರ್ಕ್‌ಶಾಪುಗಳಲ್ಲಿ ಇದ್ದವನು. ಇಷ್ಟು ಚೆನ್ನಾಗಿ ಹುಡುಕಿದ್ದನ್ನು ಹೆಚ್ಚು ಸಲ ಕಂಡಿಲ್ಲ. ಅದನ್ನು ಹೇಳಲಿಲ್ಲ.

"ತಂತಿ ಸರಿ ಮಾಡಿದ ಮೇಲೆ ಪಂಪು ಯಾಕೆ ಬದಲಿಸಿದ್ರಿ?"

ಮೇಸ್ತ್ರಿ ಬಟ್ಟೆಯನ್ನು ಇನ್ನೊಮ್ಮೆ ಮಡಿಚಿದರು.

"ನಾಲ್ಕು ಇಂಚು ತಂತಿರಿ. ಕತ್ತರಿಸಿ ಹೊಸಾದು ಜೋಡಿಸಾಕ ಹತ್ತು ನಿಮಿಷ. ಅದಕ್ಕ ಏನಂತ ರೊಕ್ಕ ಕೇಳ್ಲಿ? ಹುಡುಕಿದ್ದು ಒಂಬತ್ತು ತಾಸು. ಐದು ಸಾವಿರದ ಮ್ಯಾಲ ಆಕ್ಕೈತಿ. ಪೊಟ್ಟಣದಾಗ ಒಂದು ತಂತಿ ತುಂಡು ಇಟ್ಟು ಐದು ಸಾವಿರ ಅಂದ್ರ, ಆ ಅಕ್ಕಾರು ನನ್ನ ಮಾರಿ ಹೆಂಗ್ ನೋಡತಿದ್ರು? ಪಂಪಾದ್ರ ನಾಲ್ಕು ಸಾವಿರ. ಕಡಿಮಿನ ಆತು. ಕೈಯಾಗ ಹಿಡ್ಯಾಕ ಏನರ ಸಿಕ್ಕಂಗೂ ಆತು."

"ದರ ಮೊದಲೇ ಹೇಳಿದ್ರಲ್ಲ. ಆಕೆ ತಲೆಯಾಡಿಸಿದ್ದನ್ನು ನಾನು ನೋಡಿದ್ದೆ."

"ಸಂಜೀಮುಂದ ಫೋನ್ ಮಾಡ್ತೀನಿ ಅಂದೆ. ಅದಕ್ಕ ತಲಿ ಆಡ್ಸಿದ್ರು."

"ಬೇರೆಯವರಿಗೆ?"

ಅವರು ಪಂಪಿನ ಸುತ್ತಲಿನ ಪತ್ರಿಕೆಯ ಹಾಳೆಯನ್ನು ನೇರ ಮಾಡತೊಡಗಿದರು.

"ಬೋರ್ಡು ಹಾಕಿ ಒಂದೂವರೆ ವರ್ಷ ಆಯ್ತು. ಎಷ್ಟು ಜನಕ್ಕೆ ಹೇಳಿದ್ದೀರಿ?"

"ಒಬ್ಬರಿಗೂ ಇಲ್ರಿ. ಬಾಯಿ ಬರಂಗಿಲ್ಲ. ಬಿಡಿಭಾಗಕ್ಕ ಕೇಳ್ತೀನಿ, ಬಿಚ್ಚಿ ಜೋಡಿಸಿದ್ದಕ್ಕ ಕೇಳ್ತೀನಿ. ನೋಡಿದ್ದಕ್ಕ ಹೆಂಗ್ ಕೇಳೂದ್ರಿ? ಸಣ್ಣ ಸಣ್ಣವಕ್ಕ ಬಿಟ್ಟಬಿಡ್ತೀನಿ. ಪಂಪು ಬದಲಿಸಿದ್ದು ಇದೊಂದ ಸಲ. ನಿಮ್ಮ ಮೊದಲನೇ ರೂಲ್ ನನಗ ಗೊತ್ತೈತ್ರಿ. ನಾಳೆ ಬರಬ್ಯಾಡ ಅಂದ್ರ ಬರಂಗಿಲ್ಲ."

ಆಮೇಲೆ ದೂರುವ ದನಿಯಿಲ್ಲದೆ ಕೇಳಿದರು: "ನೀವ್ ಒಂದ್ ಸಲಾನರ ಕೇಳೀರೇನ್ರಿ ಸಾಹೇಬ್ರ?"

ನಾನು ಕೇಳಿರಲಿಲ್ಲ. ಸೈನ್ಯದಲ್ಲಿ ಬಿಲ್ಲಿಲ್ಲ, ಗಿರಾಕಿಯಿಲ್ಲ. ಇಲ್ಲಿಗೆ ಬಂದ ಮೇಲೆ ಬೋರ್ಡು ಬರೆಸಿದೆ, ಮೂರು ಭಾಷೆಯಲ್ಲಿ ಬರೆಸಿದೆ, ಕಾಗುಣಿತ ತಿದ್ದಿಸಿದೆ. ಆ ಮಾತನ್ನು ಒಬ್ಬ ಮನುಷ್ಯನ ಮುಖ ನೋಡಿ ಹೇಳುವ ಕೆಲಸವನ್ನು ಇವರಿಗೆ ವಹಿಸಿ, ನಾನು ಗಾಜಿನ ಒಳಗೆ ಕುಳಿತಿದ್ದೆ.

"ಶನಿವಾರದವರೆಗೆ ಬನ್ನಿ," ಎಂದೆ. "ಆಕೆಗೆ ನೀವೇ ಎಲ್ಲ ಹೇಳಬೇಕು. ಆಮೇಲೆ ನೋಡೋಣ. ಆ ತಂತಿ ತುಂಡನ್ನ ಎಸೆದ್ರಾ?"

ಎಸೆದಿರಲಿಲ್ಲ. ತಮ್ಮ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಟೇಪಿನಲ್ಲಿ ಅಂಟಿಸಿ ಇಟ್ಟುಕೊಂಡಿದ್ದರು. ಕರಿಯ ಗೆರೆಯಿರುವ ಹಸಿರು ತಂತಿ, ನನ್ನ ಬೆರಳಿನಷ್ಟು ಉದ್ದ. ಬಿಸಾಡಲು ಮನಸ್ಸಾಗಲಿಲ್ಲ ಎಂದರು.

ಸಂಜೆ ಪಾಲುದಾರರಿಗೆ ವಿಷಯ ತಿಳಿಸಿದೆ. ನಿಯಮದ ಪ್ರಕಾರ ಮೇಸ್ತ್ರಿ ಹೋಗಬೇಕು. ಕಾರ್ಡಿಗೆ ಸಹಿ ಹಾಕಿದ್ದರಿಂದ ಅದೇ ನಿಯಮದ ಪ್ರಕಾರ ನಾನೂ ಹೋಗಬೇಕು ಎಂದೆ.

"ಹಾಗಾದ್ರೆ ಸೋಮವಾರ ನಾನೊಬ್ಬನೇ ಬಂದು ಎಂತ ಮಾಡುದು? ಗಿರಾಕಿಗಳಿಗೆ ಗೋಳಿಬಜೆ ಕರಿದು ಕೊಡ್ಲಾ?"

"ನಿಯಮ ನಿಯಮವೇ."

"ಬರೆದದ್ದು ಯಾರು?"

"ನಾನು."

"ಹಾಂ. ಬರೆದವರಿಗೆ ಅಳಿಸ್ಲಿಕ್ಕೂ ಬರ್ತದೆ. ಆದ್ರೆ ಒಂದು ಹೇಳ್ತೇನೆ, ಕೇಳಿ. ಆ ಮನುಷ್ಯ ಆ ಮಾತು ಹೇಳ್ಲಿಕ್ಕೆ ಕಲಿಯದಿದ್ರೆ ಪುನಃ ಇದೇ ಆಗ್ತದೆ. ನಾಳೆ ಪಂಪು, ನಾಡಿದ್ದು ಇನ್ನೆಂಥದೋ. ಒಳ್ಳೆ ಮನಸ್ಸಿಂದಲೇ ಮಾಡ್ತಾರೆ. ಆಗ ನಿಮ್ಮಿಂದ ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ."

ಅದು ನಿಜ. ಮೂರು ದಿನ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಮೇಸ್ತ್ರಿಗೆ ಆ ಮಾತು ಬಾಯಿಗೆ ಬರದಿದ್ದರೆ ಅವರನ್ನು ಉಳಿಸಿಕೊಳ್ಳುವ ದಾರಿ ನನಗೆ ಕಾಣುತ್ತಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಕೆ ಬಂದರು. ಸಮಯಕ್ಕೆ ಬರುವವರನ್ನು ಕಂಡರೆ ನನಗೆ ಅರ್ಧ ಭಾರ ಇಳಿಯುತ್ತದೆ. ಕುರ್ಚಿ ಹಾಕಿಸಿದೆ. ನಾನು ಕ್ಯಾಬಿನ್ನಿನಿಂದ ಹೊರಗೆ ಬಂದು ಕಾರಿನ ಪಕ್ಕ ನಿಂತೆ.

"ನಿಮ್ಮ ಪಂಪು ಕೆಟ್ಟಿರಲಿಲ್ಲ," ಎಂದೆ. "ಬದಲಿಸಿದ್ದು ತಪ್ಪು. ಕಾರ್ಡಿನಲ್ಲೇ ಅದು ಕಾಣ್ತಿತ್ತು, ನಾನು ಓದದೆ ಸಹಿ ಹಾಕಿದೆ. ಈಗ ಹಳೇ ಪಂಪನ್ನ ವಾಪಸು ಹಾಕ್ತೀವಿ, ಹೊಸದರ ಹಣ ನಿಮಗೆ ಹಿಂದಿರುಗಿಸ್ತೀವಿ. ಕಾರು ಯಾಕೆ ನಿಲ್ತಿತ್ತು ಅನ್ನೋದನ್ನ ಇವರು ತೋರಿಸ್ತಾರೆ."

ಮೇಸ್ತ್ರಿ ಹಿಂದಿನ ಸೀಟು ಎತ್ತಿ, ಪಂಪು ಬದಲಿಸಿದರು. ಆಮೇಲೆ ತಾವು ಹಾಕಿದ್ದ ಹೊಸ ತಂತಿಯನ್ನು ತೆಗೆದು, ಪೆಟ್ಟಿಗೆಯ ಮುಚ್ಚಳದಿಂದ ಆ ಹಸಿರು ತುಂಡನ್ನು ಬಿಡಿಸಿ ಮೊದಲಿನ ಜಾಗದಲ್ಲೇ ಜೋಡಿಸಿದರು. ಸೀಟು ಕೂರಿಸಿ ಎಂಜಿನ್ ಶುರು ಮಾಡಿದರು. ಸರಿಯಾಗಿಯೇ ಓಡಿತು.

"ಅಕ್ಕಾರ, ಹಿಂದ ಬಲಗಡೆ ಕುಂದರ್ರಿ."

ಆಕೆ ಕುಳಿತರು. ಎಂಜಿನ್ ಓಡುತ್ತಲೇ ಇತ್ತು.

"ಈಗ ಎಡಕ್ಕ ಸರೀರಿ."

ಸರಿದರು. ಎಂಜಿನ್ ಒಮ್ಮೆ ತಡವರಿಸಿ ನಿಂತುಬಿಟ್ಟಿತು. ಆಕೆ ಸೀಟನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು, ಇಳಿದರು. ಮೇಸ್ತ್ರಿ ಕೀಲಿ ತಿರುಗಿಸಿದರು. ಶುರುವಾಯಿತು. ಆಕೆ ಮತ್ತೆ ಹೋಗಿ ಎಡಕ್ಕೆ ಕುಳಿತರು. ನಿಂತಿತು. ಮೂರನೆಯ ಸಲ ಯಾರೂ ಹೇಳದೆಯೇ ತಾವೇ ಕುಳಿತು ನೋಡಿದರು.

"ಆ ಕಡೆ ಕೂರೋನು ದಪ್ಪ ಹುಡುಗ," ಎಂದರು. "ಪಾಪ, ಮಿಕ್ಕಿಬ್ಬರು ಅವನನ್ನೇ ರೇಗಿಸ್ತಾ ಇದ್ರು, ನಿನ್ನಿಂದಲೇ ಗಾಡಿ ನಿಂತಿದ್ದು ಅಂತ."

"ಖರೇನ ಹೇಳ್ಯಾವಲ್ರಿ ಹುಡುಗ್ರು," ಎಂದರು ಮೇಸ್ತ್ರಿ. ಆಕೆಗೆ ನಗು ಬಂತು.

ಮೇಸ್ತ್ರಿ ತಂತಿಯ ತುಂಡನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟರು. ಎರಡು ದಿನ ಏನೇನು ನೋಡಿದೆ, ಯಾವುದು ಯಾಕೆ ಅಲ್ಲ ಎಂದು ಬಿಟ್ಟೆ, ಬ್ಯಾಟರಿಗಳ ಉಪಾಯ ಹೇಗೆ ಹೊಳೆಯಿತು, ಕಾರ್ಡು ಹಿಡಿದು ಸಾಲು ಸಾಲಾಗಿ ಹೇಳಿದರು. ಪಂಪಿನ ಸಾಲಿಗೆ ಬಂದಾಗ ನಿಂತರು. ಆಮೇಲೆ ಅದನ್ನೂ ಹೇಳಿದರು, ನನಗೆ ಹೇಳಿದ ಹಾಗೆಯೇ. ಆಕೆ ತಂತಿಯನ್ನು ಬೆರಳುಗಳ ನಡುವೆ ಬಾಗಿಸುತ್ತ ಕೇಳಿದರು. ಒಳಗಿನ ಎಳೆ ಹರಿದ ಜಾಗದಲ್ಲಿ ಅದು ಮೆತ್ತಗೆ ಬಾಗುತ್ತಿತ್ತು.

"ಹಾಗಾದ್ರೆ ಈ ಒಂಬತ್ತು ಗಂಟೆಗೆ ನಾನೇನು ಕೊಡಬೇಕು?"

"ಏನೂ ಇಲ್ಲ," ಎಂದೆ ನಾನು. "ಮೊದಲೇ ಒಪ್ಪಿಗೆ ಪಡೆಯಲಾಗುವುದು ಅಂತ ಬೋರ್ಡಿನಲ್ಲಿದೆ. ಪಡೆದಿಲ್ಲ."

ಆಕೆ ಬೋರ್ಡನ್ನು ಆಗ ಓದಿದರು. "ಮೊದಲೇ ಕೇಳಿದ್ರೆ ನಾನು ಹೂಂ ಅಂತಿದ್ನಾ? ಗೊತ್ತಿಲ್ಲ ಸರ್. ಬಹುಶಃ ಇಲ್ಲ. ಬೇರೆ ಕಡೆ ಹೋಗ್ತಿದ್ದೆ, ಅವರು ಪಂಪು ಹಾಕ್ತಿದ್ರು, ಕಾರು ಮತ್ತೆ ನಿಲ್ತಿತ್ತು."

ಹೊಸ ತಂತಿ ಜೋಡಿಸಿದ್ದಾಯಿತು. ಪಂಪಿನ ಹಣವನ್ನು ಪಾಲುದಾರರು ಆಕೆಯ ಫೋನಿಗೆ ಕಳಿಸಿದರು. ಆಕೆ ಕಾರಿನ ಬಾಗಿಲು ತೆಗೆದು, ಕೂರದೆ ನಿಂತರು.

"ಇನ್ನೊಂದಿತ್ತು. ಎಡಕ್ಕೆ ತಿರುಗಿಸುವಾಗ ಮುಂದೆ ಎಲ್ಲೋ 'ಟಕ್' ಅನ್ನುತ್ತೆ. ಯಾವಾಗಲೂ ಅಲ್ಲ. ಇದನ್ನ ನೋಡೋಕೆ ಎಷ್ಟು?"

ಪ್ರಶ್ನೆ ನನ್ನ ಕಡೆಗಿತ್ತು. ನಾನು ಮೇಸ್ತ್ರಿಯನ್ನು ನೋಡಿದೆ. ಅವರು ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದರು. ನನಗೆ ಹಿಂದಿರುಗಿ ಕ್ಯಾಬಿನ್ನಿಗೆ ಹೋಗಬೇಕೆನಿಸಿತು, ಹೋಗಲಿಲ್ಲ. ಪಾಲುದಾರರು ಗಲ್ಲಾ ಮೇಜಿನ ಮೇಲೆ ಪೆನ್ನು ಇಟ್ಟು ಕಾಯುತ್ತಿದ್ದರು.

"ಗಂಟೆಗೆ ಆರುನೂರು," ಎಂದು ನಾನು ಶುರು ಮಾಡಿದೆ. ಐವತ್ತು ಜನರ ಮುಂದೆ ಆಜ್ಞೆ ಕೂಗಿದವನು ನಾನು. ಮುಂದಿನ ಮಾತಿಗೆ ಬೋರ್ಡಿನ ಕಡೆ ತಿರುಗಬೇಕಾಯಿತು.

ಮೇಸ್ತ್ರಿ ಬಟ್ಟೆಯನ್ನು ಹೆಗಲ ಮೇಲೆಯೇ ಬಿಟ್ಟರು. "ತಾಸಿಗೆ ಆರುನೂರ್ರಿ ಅಕ್ಕಾರ," ಎಂದರು. "ಹುಡುಕಾಕ ಅಷ್ಟ. ರಿಪೇರಿ ಬ್ಯಾರೆ. ಇವತ್ತ ಎರಡು ತಾಸು ನೋಡ್ತೀನಿ, ಅದಕ್ಕಿಂತ ಮ್ಯಾಗ ಬೇಕಂದ್ರ ಮೊದಲ ಫೋನ್ ಮಾಡಿ ಕೇಳ್ತೀನಿ. ಸಿಗಲಿಲ್ಲಂದ್ರೂ ಕೊಡಬೇಕಾಕ್ಕೈತಿ."

"ಸಿಗದಿದ್ರೂ?"

"ಸಿಗದಿದ್ರೂರಿ. ಹುಡುಕಿರ್ತೀನಲ್ರಿ."

ಆಕೆ ಕೈಗಡಿಯಾರ ನೋಡಿಕೊಂಡರು. ಹೊರಗೆ ಒಂದು ಟೆಂಪೊ ಹಾರ್ನ್ ಹೊಡೆಯುತ್ತ ಹಿಂದಕ್ಕೆ ಬರುತ್ತಿತ್ತು. ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, "ಎರಡು ತಾಸು," ಎಂದರು. "ಅಲ್ಲಿವರೆಗೆ ಎಲ್ಲಿ ಒಳ್ಳೆ ಕಾಫಿ ಸಿಗುತ್ತೆ?"

"ನನ್ನ ಮಗನ ಹೋಟೆಲಿಗೆ ಹೋಗಿ," ಎಂದರು ಪಾಲುದಾರರು. "ಮೆನು ನೋಡ್ಲಿಕ್ಕೆ ಬಿಲ್ ಇಲ್ಲ."

ಆ ದಿನ ಟಕ್ ಎಂಬ ಸದ್ದು ಸಿಗಲಿಲ್ಲ. ಮೇಸ್ತ್ರಿ ಮೂರು ಸಲ ಕಾರನ್ನು ಹೊರಗೆ ಓಡಿಸಿ ಬಂದರು, ಚಕ್ರ ಬಿಚ್ಚಿ ನೋಡಿದರು, ಕೆಳಗೆ ಮಲಗಿ ಕೇಳಿದರು. ಆಕೆ ಬಂದಾಗ, "ಸಿಗಲಿಲ್ರಿ. ಈ ನಾಲ್ಕು ಜಾಗದಾಗ ಇಲ್ಲ ಅಂತ ಮಾತ್ರ ಗೊತ್ತಾತು," ಎಂದು ಕಾರ್ಡು ತೋರಿಸಿದರು. ಆಕೆ ಕಾರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಎರಡು ಗಂಟೆಯ ಹಣ ಕೊಟ್ಟು ಹೋದರು. ಪೊಟ್ಟಣವೇನೂ ಇರಲಿಲ್ಲ, ಆದರೆ ಆ ಹಸಿರು ತಂತಿಯ ತುಂಡನ್ನು ಮಾತ್ರ ಮಕ್ಕಳಿಗೆ ತೋರಿಸುತ್ತೇನೆಂದು ಒಯ್ದರು.

ಷಟರು ಎಳೆಯುವ ಮೊದಲು ಮೇಸ್ತ್ರಿ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು.

"ಸೋಮವಾರ?"

"ಎಂಟೂಮುಕ್ಕಾಲಿಗೆ," ಎಂದೆ. "ಎಂದಿನಂತೆ."

ಅವರು ಹೋದ ಮೇಲೆ ಆ ದಿನದ ಕಾರ್ಡುಗಳನ್ನು ಮುಂದೆ ಇಟ್ಟುಕೊಂಡೆ. ಐದಿದ್ದವು. ಒಂದೊಂದು ಸಾಲನ್ನೂ ಓದಿ ಸಹಿ ಹಾಕುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಎಂದಿನ ಲೋಕಲ್ ತಪ್ಪಿತು. ಮುಂದಿನದರಲ್ಲಿ ಬೇರೆ ಡಬ್ಬಿ, ಬೇರೆ ಬಾಗಿಲು. ಡೊಂಬಿವಲಿಯವರೆಗೂ ನಿಂತೇ ಬಂದೆ.